ನೂರು ಗೆರಿ

ಮುಳಗುಂದ ನಾಕಾದ ಹಿಂದಿನ ಓಣ್ಯಾಗ
ದಾವಲಸಾಬ ಉಸ್ತಾದನ ಲೇತು ನಾ ತಗೊಂಡಾಗ
ಎಲ್ಲಾ ಇತ್ತು: ಚಕ್ಕು, ಚಕ್ಕಿನ ಕೀಲಿ, ಸವದ ಮೂರು ಟೂಲು,
ಎಣ್ಣಿ ಡಬ್ಬಿ, ಅದರ ಮ್ಯಾಲ ಅವನ ಹೆಬ್ಬಟ್ಟಿನ ಮಸಿ.
ಡಯಲ್ ಒಂದು ಇರಲಿಲ್ಲ.

ಅಡ್ಡ ಹ್ಯಾಂಡಲಿನ ಕೊಳ್ಳಾಗ ಇರಬೇಕಾದ ಉಕ್ಕಿನ ಬಳಿ,
ಸುತ್ತ ನೂರು ಗೆರಿ.
"ಕಳದೈತ್ರಿ ಅದು, ಹತ್ತು ವರ್ಷಾತು" ಅಂದಿದ್ದಳು ಖಾಸಿಂಬಿ,
ಕೊಟ್ಟ ರೊಕ್ಕ ಎಣಿಸದನ ಸೆರಗಿಗೆ ಗಂಟು ಹಾಕಿ.

ಹತ್ತು ವರ್ಷ ಡಯಲ್ ಇಲ್ಲದ ಹೆಂಗ ಹೊಡದಾ ಮುದುಕ
ಬೆಟಗೇರಿ ಮಗ್ಗದ ರಾಡು, ಪ್ರೆಸ್ಸಿನ ರೋಲರು, ಪಂಪಿನ ಬುಶ್ಶು?
ಒಂದೂ ವಾಪಸ್ ಬಂದದ್ದು ಯಾರೂ ಕೇಳಿಲ್ಲ.
"ಉಸ್ತಾದನ ಕೈಯಾಗ ಇತ್ತು ತಮ್ಮಾ ಡಯಲ್" ಅಂತಿತ್ತು ಓಣಿ.
ನಾ ಹೊಡದ ಮೊದಲನೇ ಬುಶ್ಶು ಸಡ್ಲಾತು,
ಎರಡನೇದು ಸುತ್ತಿಗಿ ಏಟಿಗೂ ಒಳಗ ಹೋಗಲಿಲ್ಲ,
ಮೂರನೇದನ್ನ ಗಿರಾಕಿ ಟೇಬಲ್ ಮ್ಯಾಲಿಟ್ಟು
ಚಾ ಕುಡೀದನ ಎದ್ದು ಹೋದ.

ಹುಬ್ಬಳ್ಳಿಗೆ ಹೋಗಿ ಗುಜರಿ ಎಲ್ಲಾ ತಡಕಿದೆ,
ಬಟಾಲಾದ ಕಂಪನಿಗೆ ಫೋನ್ ಹಚ್ಚಿದೆ.
ಅತ್ತಾಗಿನ ಹುಡುಗ, ಹಿಂದಿಯೊಳಗ, ಬಾಳ ಮರ್ಯಾದಿಲೆ:
ಆ ಮಾಡೆಲ್ ಬಂದ್ ಆಗಿದ್ದು ನಾ ಹುಟ್ಟೂಕಿಂತ ಮೊದಲು, ಚಾಚಾ.

ಇನ್ನೇನು, ನಾವ ಮಾಡೂದು.
ಕಡಿಯೂದು ಸಲೀಸು. ಉಕ್ಕಿನ ತುಂಡು ಚಕ್ಕಿಗೆ ಕೊಟ್ರ
ಮಧ್ಯಾಹ್ನದೊಳಗ ಬಳಿ ತಯಾರು.
ಆದರ ಅಷ್ಟ ದುಂಡಿಗೆ ನೂರು ಪಾಲು, ಸರಿಸಮಾ, ಯಾರು ಹಂಚವರು?
ಅಳತಿ ತೋರಿಸೂ ಸಾಮಾನು ಮಾಡಾಕ
ಅಳತಿ ತೋರಿಸೂ ಸಾಮಾನು ಬೇಕು.
ಕಳದ ಕನ್ನಡಕ ಹುಡುಕಾಕ
ಕನ್ನಡಕ ಬೇಡವರಂಗ ನಿಂತೆ ಲೇತಿನ ಮುಂದ.

ಐಟಿಐ ಮುಗಿಸಿ ಬಂದಾಕಿ ಅನಸೂಯಾ ಹೂಗಾರ,
ಮನ್ಯಾಗ ಮೊಳಾ ಹಾಕಿ ಮಲ್ಲಿಗಿ ಮಾರೂ ಮಂದಿ.
"ಸಣ್ಣ ದುಂಡಿನ ಮ್ಯಾಲ ಯಾಕ ಎಣಸ್ತೀರಿ? ದೊಡ್ಡದು ಮಾಡ್ರಿ.
ನನ್ನ ಮೊಳಾ ಬ್ಯಾರೆ, ನಮ್ಮವ್ವನ ಮೊಳಾ ಬ್ಯಾರೆ.
ಒಂದು ಮೊಳಕ್ಕ ಜಗಳಾ ತಗದಾಕಿ
ಇಪ್ಪತ್ತು ಮೊಳದ ಮಾಲಿಗೆ ಸುಮ್ಮನ ಹೋಗ್ತಾಳ."

ಬಡಿಗೇರ ಕಡಿಂದ ಹಲಗಿ ತಂದು ತಟ್ಟಿ ಕಡದ್ವಿ,
ಸುತ್ತಳತಿ ಬರೋಬ್ಬರಿ ಒಂದು ಮೀಟರ್.
ದರ್ಜಿ ಟೇಪು, ಹೊಸಾದು, ಹತ್ತು ರೂಪಾಯಿದು,
ಇನ್ನೂ ಯಾರ ಸೊಂಟದ ಬಗ್ಗೆನೂ ಸುಳ್ಳು ಹೇಳದ್ದು,
ತಟ್ಟಿ ಸುತ್ತ ಅಂಟಿಸಿದ್ವಿ. ಕೊನಿಗೆ ಕೊನಿ ಕೂಡಿತು.
ಹಿಂದ ತಟ್ಟಿ, ಮುಂದ ಬಳಿ, ಎರಡೂ ಒಂದ ಶಾಫ್ಟಿಗೆ.
ಆಕಿ ಹಿಂದ, ಒಂದು ಸೆಂಟಿಮೀಟರ್ ಸರಸಿ, ಹೂಂ.
ನಾ ಮುಂದ, ಟೂಲು ಒತ್ತಿ ಎಳದು, ಗೆರಿ.
ಹೂಂ. ಗೆರಿ. ಹೂಂ. ಗೆರಿ.
ಐವತ್ತಮೂರಕ್ಕ ಕರೆಂಟ್ ಹೋತು. ನಮಗೇನು,
ಮೋಟಾರ್ ಮೊದಲಿಂದ ಬಂದ್ ಇತ್ತು.
ಬಾಗಲಾ ಪೂರಾ ತಗದ್ವಿ.

ಅಂಕಿ ನಾಳೆ ಹೊಡದ್ರಾತು. ಒಂಬತ್ತರ ಪಂಚಿಲ್ಲ,
ಆರನ್ನ ತಲಿಕೆಳಗ ಹಿಡದ್ರ ನಡೀತೈತಿ.

ಸಂಜಿಕ ಖಾಸಿಂಬಿ ಬಂದ್ಲು,
ಗಂಡನ ಊಟದ ಡಬ್ಬಿ ಇಲ್ಲೇ ಉಳದಿತ್ತಂತ.
ಚಕ್ಕಿನಾಗಿನ ಬಳಿ ಕಂಡು ಬಗ್ಗಿ ಬೆರಳಾಡಿಸಿದ್ಲು.
"ಕಳದಿದ್ದಿಲ್ಲ ಅದು" ಅಂದ್ಲು, ಯಾರನ್ನೂ ನೋಡದ.
"ತಾನ ಬಿಚ್ಚಿದ. ಗೆರಿ ಕಾಣದಂಗಾಗಿದ್ವು.
ಡಯಲ್ ಇದ್ರ ಮಂದಿ ಕೇಳ್ತಾರ, ಎಷ್ಟರ ಮ್ಯಾಲೈತಿ ಉಸ್ತಾದ್ ಅಂತ.
ಇಲ್ಲದಿದ್ರ ಯಾರು ಕೇಳ್ತಾರ?
ರಾತ್ರಿ ಹಾಸಗ್ಯಾಗ ಉಗುರಿಲೆ ಎಣಸ್ತಿದ್ದ.
ನುಣ್ಣಗಾಗೈತಿ ಅಂತ ಒಂದಿನ ಬೈಕೊಂಡ.
ಕಡೀಕ ಎಲ್ಲಿಟ್ಟನೋ, ನನಗೂ ಹೇಳಲಿಲ್ಲ."

ಡಬ್ಬಿ ತಗೊಂಡು ಹೋದ್ಲು. ಅದರ ಮುಚ್ಚಳಾ ಸಡ್ಲಿತ್ತು,
ನಾಕಾ ದಾಟೂತನಾ ಸಪ್ಪಳಾ ಬರತಿತ್ತು.

ನಾ ಟೂಲು ಮತ್ತ ಸೊನ್ನಿಗೆ ತಂದೆ.
ಅನಸೂಯಾ ಏನೂ ಕೇಳಲಿಲ್ಲ,
ಚೀಲಾ ಕೆಳಗಿಟ್ಟು ತಟ್ಟಿ ಹಿಂದ ಹೋಗಿ ನಿಂತ್ಲು.
ಹೂಂ.
ಗೆರಿ,
ಈ ಸಲ ಉಗುರು ಸಿಗೂವಷ್ಟು ಆಳ.